ತಪ್ಪು ತನ್ನದೆಂದ ಹಾಡುಗಾರ: ಮೆರ್ಲ್ ಹ್ಯಾಗರ್ಡ್ ಅವರ ಮೊದಲ ಇಪ್ಪತ್ತಮೂರು ವರ್ಷ

ಎಲ್ಲರಿಗೂ ನಮಸ್ಕಾರ. ಇಂದಿನ ಮಾತನ್ನು ಒಂದು ಸುಳ್ಳಿನಿಂದ ಆರಂಭಿಸುತ್ತೇನೆ. 1968ರಲ್ಲಿ ಅಮೆರಿಕದ ‘ಕಂಟ್ರಿ’ ಎಂಬ ಹಳ್ಳಿಗಾಡಿನ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿದ್ದ ‘ಮಾಮಾ ಟ್ರೈಡ್’ ಎಂಬ ಹಾಡಿನ ನಾಯಕ, ಸೆರೆಮನೆಯೊಳಗೇ ಇಪ್ಪತ್ತೊಂದು ವರ್ಷ ತುಂಬಿಸಿಕೊಂಡವನು. ಪೆರೋಲಿಗೂ ಅವಕಾಶವಿಲ್ಲದ ಜೀವಾವಧಿ ಶಿಕ್ಷೆಯನ್ನು ಅನುಭವಿಸುತ್ತಿರುವವನು. ನಮ್ಮ ಕಿವಿಗೆ ‘ಮಾಮಾ’ ಎಂದೊಡನೆ ಸೋದರಮಾವ ನೆನಪಾಗುತ್ತಾನಾದರೂ ಅಲ್ಲಿ ಅದು ಅಮ್ಮನನ್ನು ಕರೆಯುವ ಮಾತು. ಅಮ್ಮ ತನ್ನ ಕೈಲಾದದ್ದನ್ನೆಲ್ಲ ಮಾಡಿದಳು, ಕೆಟ್ಟವನು ನಾನೇ ಎಂಬುದು ಹಾಡಿನ ತಾತ್ಪರ್ಯ. ಅದನ್ನು ಬರೆದು ಹಾಡಿದ ಮೆರ್ಲ್ ಹ್ಯಾಗರ್ಡ್ ಅವರಿಗೆ ಇಪ್ಪತ್ತೊಂದು ತುಂಬಿದ್ದು ಸೆರೆಮನೆಯಲ್ಲೇ ಎಂಬುದು ನಿಜ. ಆದರೆ ಅವರಿಗೆ ಜೀವಾವಧಿ ಶಿಕ್ಷೆ ಆಗಿರಲಿಲ್ಲ. ಗರಿಷ್ಠ ಹದಿನೈದು ವರ್ಷಗಳ ಶಿಕ್ಷೆ ವಿಧಿಸಲಾಗಿತ್ತು. ಒಳಗಿದ್ದದ್ದು ಮೂರು ವರ್ಷಕ್ಕೂ ಕಡಿಮೆ, ಹೊರಬಂದದ್ದು ಪೆರೋಲಿನ ಮೇಲೆಯೇ. ನಿಜವಾದ ಶಿಕ್ಷೆಯ ಅವಧಿ ಪ್ರಾಸಕ್ಕೆ ಒಗ್ಗಲಿಲ್ಲವೆಂದು ಅವರು ಮುಂದೆ ತಮಾಷೆ ಮಾಡಿದ್ದುಂಟು.

ಪ್ರಾಸದ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ತನ್ನ ಕಥೆಯಲ್ಲಿ ಸುಳ್ಳು ಬೆರೆಸುವ ಮನುಷ್ಯ ಸಾಮಾನ್ಯವಾಗಿ ತನ್ನ ತಪ್ಪನ್ನು ಚಿಕ್ಕದು ಮಾಡಿಕೊಳ್ಳುತ್ತಾನೆ. ಇವರು ದೊಡ್ಡದು ಮಾಡಿಕೊಂಡರು. ಬಡತನ, ವಲಸೆ, ಎಳವೆಯಲ್ಲೇ ತೀರಿಕೊಂಡ ತಂದೆ, ಕಠೋರವಾದ ಬಾಲಾಪರಾಧಿ ಶಾಲೆಗಳು ಹೀಗೆ ದೂರುವುದಕ್ಕೆ ಬೇಕಾದಷ್ಟು ಕಾರಣಗಳು ಕೈಯಳತೆಯಲ್ಲೇ ಇದ್ದಾಗಲೂ ಒಂದನ್ನೂ ಮುಂದೆ ಮಾಡದೆ, ಹೊಣೆಯೆಲ್ಲವನ್ನೂ ತನ್ನ ಹೆಗಲಿಗೇ ಏರಿಸಿಕೊಂಡು ಹಾಡುವ ಈ ಬಗೆ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಅವರ ಬಾಲ್ಯದಲ್ಲಿ ಹುಡುಕುವುದು ಇಂದಿನ ನನ್ನ ಉದ್ದೇಶ.

ಅದಕ್ಕೆ ಮೊದಲು ಒಂದು ಸಣ್ಣ ಒಪ್ಪಂದ. ಕನ್ನಡದಲ್ಲಿ ಒಬ್ಬರ ಜೀವನ ಹೇಳಹೊರಟರೆ ‘ಅವನು’ ಎನ್ನುವುದೋ ‘ಅವರು’ ಎನ್ನುವುದೋ ಎಂಬ ಪ್ರಶ್ನೆ ಮೊದಲ ವಾಕ್ಯದಲ್ಲೇ ಎದುರಾಗುತ್ತದೆ. ಎಂಟು ವರ್ಷದ ಪೋರನನ್ನು ‘ಅವರು’ ಎಂದರೆ ಕೃತಕವಾಗುತ್ತದೆ. ಹಿರಿಯ ಕಲಾವಿದರನ್ನು ‘ಅವನು’ ಎಂದರೆ ನಾಲಿಗೆ ತಡೆಯುತ್ತದೆ. ಹುಡುಗ ಮೆರ್ಲ್‌ನನ್ನು ಏಕವಚನದಲ್ಲೇ ಕರೆಯುತ್ತೇನೆ. ಅವನು ‘ಅವರು’ ಆಗುವ ಜಾಗವೊಂದನ್ನು ನಾನು ಗೊತ್ತುಮಾಡಿಕೊಂಡಿದ್ದೇನೆ. ಅದು ಬಂದಾಗ ತಿಳಿಸುತ್ತೇನೆ.

ಮೆರ್ಲ್‌ನ ತಂದೆ ಜೇಮ್ಸ್ ಮತ್ತು ತಾಯಿ ಫ್ಲಾಸಿ ಒಕ್ಲಹೋಮ ರಾಜ್ಯದ ಚೆಕೋಟಾ ಎಂಬ ಊರಿನ ಕಡೆಯ ರೈತಾಪಿ ಜನ. 1930ರ ದಶಕದಲ್ಲಿ ಆ ಪ್ರದೇಶವನ್ನು ಬರ ಹಿಂಡಿತು. ಪಶ್ಚಿಮದ ಜಿಲ್ಲೆಗಳಲ್ಲಿ ಉತ್ತ ನೆಲದ ಮೇಲ್ಮಣ್ಣೇ ಗಾಳಿಗೆ ಎದ್ದು ಹಗಲನ್ನು ಕತ್ತಲಾಗಿಸುತ್ತಿತ್ತು. ದೇಶದ ತುಂಬ ಆರ್ಥಿಕ ಕುಸಿತ. ಹ್ಯಾಗರ್ಡ್ ಕುಟುಂಬವನ್ನು ಎಬ್ಬಿಸಿದ್ದು ಮಾತ್ರ ಧೂಳಲ್ಲ, ಬೆಂಕಿ. ದಶಕದ ನಡುವಿನಲ್ಲಿ ಅವರ ಕೊಟ್ಟಿಗೆಗೆ ಬೆಂಕಿ ಬಿದ್ದು, ಒಕ್ಕಲುತನಕ್ಕೆ ಆಧಾರವಾಗಿದ್ದುದೆಲ್ಲ ಸುಟ್ಟುಹೋದ ಮೇಲೆ, ಲೋವೆಲ್ ಮತ್ತು ಲಿಲಿಯನ್ ಎಂಬ ಇಬ್ಬರು ಮಕ್ಕಳನ್ನು ಕರೆದುಕೊಂಡು ಅವರು ಕ್ಯಾಲಿಫೋರ್ನಿಯದ ದಾರಿ ಹಿಡಿದರು. ಮೆರ್ಲ್ ಆಗಿನ್ನೂ ಹುಟ್ಟಿರಲಿಲ್ಲ.

ಅವರು ಬಂದು ತಲುಪಿದ್ದು ಕರ್ನ್ ಕೌಂಟಿಯ ಬೇಕರ್ಸ್‌ಫೀಲ್ಡ್ ಪಟ್ಟಣಕ್ಕೆ. ಹತ್ತಿ, ಆಲೂಗಡ್ಡೆ, ದ್ರಾಕ್ಷಿ ಬೆಳೆಯುವ, ನೆಲದಡಿ ಎಣ್ಣೆಯಿರುವ ಸೀಮೆ. ಅಲ್ಲಿಗೆ ಕೂಲಿ ಬೇಕಿತ್ತು, ಕೂಲಿಯವರು ಬೇಕಿರಲಿಲ್ಲ. ಒಕ್ಲಹೋಮದಿಂದ ಬಂದವರನ್ನೂ ಅವರಂತೆ ಅಕ್ಕಪಕ್ಕದ ರಾಜ್ಯಗಳಿಂದ ಬಂದವರನ್ನೂ ಸ್ಥಳೀಯರು ‘ಓಕಿ’ ಎಂದು ಕರೆಯುತ್ತಿದ್ದರು, ಅದು ಬೈಗುಳ. ಈ ವಲಸಿಗರ ಪಾಡನ್ನು ಕುರಿತು ಜಾನ್ ಸ್ಟೈನ್‌ಬೆಕ್ ಬರೆದ ಕಾದಂಬರಿಯನ್ನು 1939ರಲ್ಲಿ ಇದೇ ಕರ್ನ್ ಕೌಂಟಿಯ ಆಡಳಿತ ಮಂಡಳಿ ತನ್ನ ಶಾಲೆ ಮತ್ತು ಗ್ರಂಥಾಲಯಗಳಿಂದ ಹೊರಗಿಟ್ಟಿತೆಂದರೆ ಅಲ್ಲಿನ ಹವೆ ಹೇಗಿತ್ತೆಂದು ಊಹಿಸಬಹುದು.

ಜೇಮ್ಸ್‌ಗೆ ಸಾಂಟಾ ಫೆ ರೈಲ್ವೆಯಲ್ಲಿ ಬಡಗಿಯ ಕೆಲಸ ಸಿಕ್ಕಿತು. ಇರಲು ಮನೆ ಸಿಗಲಿಲ್ಲ. ಕರ್ನ್ ನದಿಯಾಚೆ, ಎಣ್ಣೆ ಬಾವಿಗಳ ಕೆಲಸಗಾರರು ತುಂಬಿದ್ದ ಆಯಿಲ್‌ಡೇಲ್‌ನಲ್ಲಿ, ಒಬ್ಬ ಮಹಿಳೆಯ ನಿವೇಶನದಲ್ಲಿ ಹಳೆಯದೊಂದು ಗೂಡ್ಸ್ ಡಬ್ಬಿ ಬಿದ್ದಿತ್ತು. ಹಣ್ಣು ತರಕಾರಿ ಕೆಡದಂತೆ ತಂಪಾಗಿಟ್ಟು ಸಾಗಿಸಲು ದಪ್ಪ ಗೋಡೆ ಕೊಟ್ಟು ಕಟ್ಟಿದ ಡಬ್ಬಿ. ಅದನ್ನು ಮನೆಯಾಗಿ ಮಾಡಿಕೊಂಡು ಇರಬಹುದೆಂಬ ಮಾತಾಯಿತು. ಜೇಮ್ಸ್ ದಿನದ ದುಡಿಮೆ ಮುಗಿಸಿ ಬಂದು ಅದಕ್ಕೆ ಕಿಟಕಿ ಕೊರೆದ, ಕೋಣೆ ಕೂಡಿಸಿದ, ನಿಧಾನವಾಗಿ ಆ ಜಾಗವನ್ನೂ ಕೊಂಡ. 1937ರ ಏಪ್ರಿಲ್ 6ರಂದು ಮೆರ್ಲ್ ಹುಟ್ಟಿದ್ದು ಈ ಸಂಸಾರಕ್ಕೆ. ಹಾಡುಗಾರರ ಜೀವನಕಥೆಗಳಲ್ಲಿ ‘ರೈಲುಡಬ್ಬಿಯಲ್ಲಿ ಬೆಳೆದವನು’ ಎಂಬ ಮಾತು ದಾರಿದ್ರ್ಯದ ಲಾಂಛನವಾಗಿ ಬರುವುದನ್ನು ನೋಡುತ್ತೇವೆ. ನನಗೆ ಅದು ಬೇರೆಯಾಗಿ ಕಾಣುತ್ತದೆ. ಅದು ಕೈಕೆಲಸ ಬಲ್ಲ ಒಬ್ಬ ತಂದೆ ತಾನೇ ನಿಂತು ಕಟ್ಟಿದ ಮನೆ, ಬೇಸಿಗೆಯ ಧಗೆಯಲ್ಲೂ ಒಳಗೆ ತಂಪಾಗಿರುತ್ತಿದ್ದ ಮನೆ. ಮುಂದೆ ಹುಡುಗ ಕಳೆದುಕೊಂಡದ್ದು ಏನನ್ನು ಎಂಬುದು ತಿಳಿಯಬೇಕಾದರೆ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಜೇಮ್ಸ್‌ಗೆ ಪಿಟೀಲೂ ಗಿಟಾರೂ ಬರುತ್ತಿದ್ದವು. ಫ್ಲಾಸಿ ‘ಚರ್ಚ್ ಆಫ್ ಕ್ರೈಸ್ಟ್’ ಪಂಥದ ನಿಷ್ಠಾವಂತೆ. ಹೆಂಡದಂಗಡಿಗಳಲ್ಲಿ ನುಡಿಸುವ ಸಂಗೀತ ಆಕೆಗೆ ಪಾಪದ ದಾರಿ. ಮದುವೆಯಾದ ಮೇಲೆ ಜೇಮ್ಸ್ ನುಡಿಸುವುದನ್ನು ಬಿಟ್ಟ. ಹೀಗಾಗಿ ಮನೆಯಲ್ಲಿ ಸಂಗೀತವೆಂಬುದು ಅಪ್ಪ ಬಿಟ್ಟುಕೊಟ್ಟ ಒಂದು ವಸ್ತುವಾಗಿ ಉಳಿದಿತ್ತು. ಮೆರ್ಲ್ ಎಂಟು ಒಂಬತ್ತು ವರ್ಷದವನಿದ್ದಾಗ ಆ ತಂದೆ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಅಣ್ಣ, ಅಕ್ಕ ಇಬ್ಬರೂ ವಯಸ್ಸಿನಲ್ಲಿ ಬಹಳ ದೊಡ್ಡವರು. ಮನೆಯಲ್ಲಿ ಉಳಿದದ್ದು ತಾಯಿ ಮತ್ತು ಕಿರಿಯ ಮಗ. ತಾಯಿ ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಹೋದರೆ ಸಂಜೆ ಬರುವ ತಾಯಿ, ಖಾಲಿ ಮನೆ, ಸದಾ ಕಿವಿಗೆ ಬೀಳುವ ರೈಲಿನ ಸದ್ದು: ಮುಂದಿನ ಏಳೆಂಟು ವರ್ಷಗಳ ಕಥೆಗೆ ಇಷ್ಟೇ ಸಾಮಗ್ರಿ.

ಹತ್ತು ಹನ್ನೊಂದರ ವಯಸ್ಸಿನಲ್ಲಿ ಅವನು ಮೊದಲ ಬಾರಿಗೆ ಗೂಡ್ಸ್ ಗಾಡಿ ಹತ್ತಿ ಫ್ರೆಸ್ನೊ ಕಡೆಗೆ ಓಡಿಹೋದ. ಇಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಸಂಗತಿಯಿದೆ. ತಂದೆ ರೈಲ್ವೆ ನೌಕರನಾಗಿದ್ದರಿಂದ ಆ ಕುಟುಂಬಕ್ಕೆ ಪುಕ್ಕಟೆ ಪ್ರಯಾಣದ ಪಾಸು ಇತ್ತು. ಹುಡುಗ ಬೇಕೆಂದರೆ ಪ್ರಯಾಣಿಕರ ಗಾಡಿಯಲ್ಲಿ ಸೀಟಿನ ಮೇಲೆ ಕುಳಿತೇ ಹೋಗಬಹುದಾಗಿತ್ತು. ಅವನಿಗೆ ಬೇಕಾಗಿದ್ದದ್ದು ಊರು ಸೇರುವುದಲ್ಲ, ಕದ್ದು ಹತ್ತುವುದು. ಬಡತನವೇ ಅವನನ್ನು ಕೆಡಿಸಿತು ಎಂಬ ಸುಲಭದ ವಿವರಣೆ ಈ ಪಾಸಿನ ಮುಂದೆ ನಿಲ್ಲುವುದಿಲ್ಲ. ಅದು ಅವನಿಗೂ ಗೊತ್ತಿತ್ತು ಎಂಬುದು ಮುಂದೆ ಅವನ ಹಾಡುಗಳನ್ನು ಕೇಳಿದವರಿಗೆ ತಿಳಿಯುತ್ತದೆ.

ಹನ್ನೆರಡನೆಯ ವರ್ಷದಲ್ಲಿ ಅಣ್ಣ ಲೋವೆಲ್ ತಾನು ಬಳಸಿದ ಗಿಟಾರೊಂದನ್ನು ತಮ್ಮನಿಗೆ ಕೊಟ್ಟ. ಮನೆಯಲ್ಲಿದ್ದ ಧ್ವನಿಮುದ್ರಿಕೆಗಳನ್ನು ಹಾಕಿಕೊಂಡು, ಬಾಬ್ ವಿಲ್ಸ್, ಹ್ಯಾಂಕ್ ವಿಲಿಯಮ್ಸ್, ಎಲ್ಲಕ್ಕಿಂತ ಮಿಗಿಲಾಗಿ ಲೆಫ್ಟಿ ಫ್ರಿಜೆಲ್ ಎಂಬ ಕಂಟ್ರಿ ಹಾಡುಗಾರರನ್ನು ಕೇಳಿ ಕೇಳಿ, ಗುರುವಿಲ್ಲದೆಯೇ ಅವನು ಕಲಿತ. ಅದೇ ಹೊತ್ತಿಗೆ ಶಾಲೆ ತಪ್ಪಿಸುವುದು, ಸಣ್ಣಪುಟ್ಟ ಕಳವು ಶುರುವಾದವು. ದಿಕ್ಕು ತೋಚದ ತಾಯಿ, ಬುದ್ಧಿ ಬರಲೆಂದು ಒಂದು ವಾರಾಂತ್ಯ ಅವನನ್ನು ಬಾಲಾಪರಾಧಿಗಳ ಕೇಂದ್ರದಲ್ಲಿ ಇರಿಸಿದಳು. ಅದರಿಂದ ಅವನು ತಿದ್ದಿಕೊಳ್ಳಲಿಲ್ಲ, ಇನ್ನಷ್ಟು ಮೊಂಡನಾದ. 1950ರಲ್ಲಿ ಅಂಗಡಿಯ ಮಾಲು ಕದ್ದದ್ದಕ್ಕೆ ಅಧಿಕೃತವಾಗಿಯೇ ಒಳಗೆ ಹೋದ.

ಆನಂತರದ್ದು ಓಡುವುದು, ಸಿಕ್ಕಿಬೀಳುವುದು, ಮತ್ತೆ ಓಡುವುದು. ಹದಿನಾಲ್ಕರಲ್ಲಿ ಗೆಳೆಯನೊಬ್ಬನ ಜೊತೆ ಟೆಕ್ಸಸ್‌ಗೆ ಹೋಗಿ ಬಂದ. ಬಂದವನನ್ನು ಮಾಡದ ದರೋಡೆಗೆ ಹಿಡಿದರು. ನಿಜವಾದ ಕಳ್ಳರು ಸಿಕ್ಕಿದ ಮೇಲೆ ಬಿಟ್ಟರು. ಇನ್ನೊಂದು ಕೇಂದ್ರದಿಂದ ತಪ್ಪಿಸಿಕೊಂಡು ಮೊಡೆಸ್ಟೊ ಎಂಬ ಊರಿನಲ್ಲಿ ಆಲೂಗಡ್ಡೆ ಲಾರಿ ಓಡಿಸಿದ, ಹೋಟೆಲಿನಲ್ಲಿ ಅಡುಗೆ ಮಾಡಿದ, ಹುಲ್ಲಿನ ಪಿಂಡಿ ಎತ್ತಿಹಾಕಿದ. ಅಲ್ಲಿಯ ಒಂದು ಬಾರಿನಲ್ಲಿ ಗೆಳೆಯನ ಜೊತೆ ಹಾಡಿ ಐದು ಡಾಲರ್ ಮತ್ತು ಬೇಕಾದಷ್ಟು ಬಿಯರ್ ಗಳಿಸಿದ. ಹಾಡಿಗೆ ಸಿಕ್ಕ ಮೊದಲ ಸಂಭಾವನೆ ಅದು. ಕೊನೆಗೆ ಅವನನ್ನು ಕಳಿಸಿದ್ದು ಪ್ರೆಸ್ಟನ್ ಸ್ಕೂಲ್ ಆಫ್ ಇಂಡಸ್ಟ್ರಿಗೆ. ಹೆಸರಿನಲ್ಲಿ ಶಾಲೆಯೆಂದಿದ್ದರೂ ಅದು ಬಿಗಿ ಕಾವಲಿನ ಬಾಲಾಪರಾಧಿ ಸೆರೆ. ಹದಿನೈದು ತಿಂಗಳಾದ ಮೇಲೆ ಬಿಡುಗಡೆಯಾಗಿ, ಕಳವಿನ ಪ್ರಯತ್ನವೊಂದರಲ್ಲಿ ಹುಡುಗನೊಬ್ಬನನ್ನು ಹೊಡೆದು, ಮತ್ತೆ ಅಲ್ಲಿಗೇ ಹೋದ.

ಈ ಅವಧಿಯಲ್ಲಿ ಒಂದು ರಾತ್ರಿ ಮಾತ್ರ ಬೇರೆ ಥರ ಇತ್ತು. ಬೇಕರ್ಸ್‌ಫೀಲ್ಡಿಗೆ ಲೆಫ್ಟಿ ಫ್ರಿಜೆಲ್ ಬಂದಿದ್ದರು. ರಂಗದ ಹಿಂದೆ ಕುಳಿತ ಮೆರ್ಲ್ ತನ್ನಷ್ಟಕ್ಕೆ ಹಾಡತೊಡಗಿದ್ದು ಫ್ರಿಜೆಲ್ ಅವರ ಕಿವಿಗೆ ಬಿದ್ದು, ಈ ಹುಡುಗನಿಗೆ ಮೊದಲು ಹಾಡಲು ಬಿಡದಿದ್ದರೆ ತಾವು ರಂಗಕ್ಕೆ ಹೋಗುವುದಿಲ್ಲವೆಂದು ಅವರು ಪಟ್ಟು ಹಿಡಿದರು. ಹದಿನಾರರ ಆಸುಪಾಸಿನ ಹುಡುಗ ಹಾಡಿದ, ಜನ ಮೆಚ್ಚಿದರು. ಗುರುವೆಂದು ಮನಸ್ಸಿನಲ್ಲೇ ವರಿಸಿದ್ದವರಿಂದ ಇಂಥ ಮನ್ನಣೆ ಸಿಕ್ಕ ಮೇಲೆ ಬದುಕು ನೆಟ್ಟಗಾಗಬೇಕಿತ್ತು ಎಂದು ಕಥೆ ಕೇಳುವವರಿಗೆ ಅನ್ನಿಸುತ್ತದೆ. ಆಗಲಿಲ್ಲ.

1956ರಲ್ಲಿ ಮದುವೆಯಾದ. ಹತ್ತೊಂಬತ್ತು ವರ್ಷ, ಕೈಯಲ್ಲಿ ದುಡ್ಡಿಲ್ಲ, ಕೆಲಸ ನಿಲ್ಲುವುದಿಲ್ಲ, ಹೊಸದಾಗಿ ಹುಟ್ಟಿದ ಮಗು. 1957ರ ಕೊನೆಯಲ್ಲಿ ಕುಡಿದ ಮತ್ತಿನಲ್ಲಿ ಊರ ಹೊರಗಿನ ಒಂದು ಹೋಟೆಲಿಗೆ ಕನ್ನ ಹಾಕಲು ಹೋದ. ಈ ಪ್ರಸಂಗವನ್ನು ಅವನೇ ಮುಂದೆ ನಗುತ್ತ ಹೇಳುತ್ತಿದ್ದ: ನಡುರಾತ್ರಿ ಮೀರಿ ಎಷ್ಟೋ ಹೊತ್ತಾಗಿದೆ ಎಂದುಕೊಂಡು ಹಿಂಬಾಗಿಲಿನ ಬೀಗ ಮೀಟುತ್ತಿದ್ದರೆ, ಹೋಟೆಲು ಇನ್ನೂ ತೆರೆದೇ ಇದೆ, ಒಳಗೆ ಗಿರಾಕಿಗಳು ಊಟ ಮಾಡುತ್ತಿದ್ದಾರೆ; ಮಾಲೀಕ ಬಾಗಿಲು ತೆಗೆದು, ಎಲ್ಲರ ಹಾಗೆ ಮುಂಬಾಗಿಲಿನಿಂದ ಬರಬಾರದೇ ಎಂದು ಕೇಳುತ್ತಾನೆ. ಇಷ್ಟಕ್ಕೇ ಮುಗಿದಿದ್ದರೆ ಸಣ್ಣ ಶಿಕ್ಷೆಯಲ್ಲಿ ಕಳೆಯುತ್ತಿತ್ತೇನೋ. ಬೇಕರ್ಸ್‌ಫೀಲ್ಡ್ ಜೈಲಿನಿಂದಲೂ ಅವನು ತಪ್ಪಿಸಿಕೊಳ್ಳಲು ನೋಡಿದ. ಹಳೆಯ ದಾಖಲೆಯೆಲ್ಲ ಬಿಚ್ಚಿಕೊಂಡಿತು. 1958ರ ಫೆಬ್ರವರಿ 21ರಂದು ಅವನು ಸ್ಯಾನ್ ಕ್ವೆಂಟಿನ್ ಸೆರೆಮನೆಯ ಎ-45200ನೆಯ ಖೈದಿಯಾದ. ಆರು ವಾರ ಕಳೆದು ಏಪ್ರಿಲ್ 6 ಬಂತು. ಹಾಡಿನಲ್ಲಿರುವ ಇಪ್ಪತ್ತೊಂದನೆಯ ವರ್ಷ ತುಂಬಿದ್ದು ಹೀಗೆ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿರುವ ಸ್ಯಾನ್ ಕ್ವೆಂಟಿನ್ ಆ ರಾಜ್ಯದ ಅತ್ಯಂತ ಹಳೆಯ ಸೆರೆಮನೆ; ಮರಣದಂಡನೆ ಜಾರಿಯಾಗುತ್ತಿದ್ದ ವಿಷಾನಿಲದ ಕೋಣೆ ಇದ್ದದ್ದೂ ಅಲ್ಲಿಯೇ. ಅಲ್ಲೂ ಅವನ ಚಾಳಿ ಬದಲಾಗಲಿಲ್ಲ. ಕೊಟ್ಟ ಕೆಲಸಗಳಿಂದ ಒಂದಾದ ಮೇಲೊಂದರಂತೆ ತೆಗೆಸಿಕೊಂಡ, ಜೂಜು ನಡೆಸಿದ, ಕೋಣೆಯ ಜೊತೆಗಾರನ ಜೊತೆ ಸೇರಿ ಕದ್ದು ಬಿಯರ್ ಬಸಿದ. ಹೊರಗೆ ಸಂಸಾರ ಒಡೆಯುತ್ತಿರುವ ಸುದ್ದಿ ಬರುತ್ತಿತ್ತು. ‘ರ‍್ಯಾಬಿಟ್’ ಎಂದು ಎಲ್ಲರೂ ಕರೆಯುತ್ತಿದ್ದ ಜೇಮ್ಸ್ ಕೆಂಡ್ರಿಕ್ ಎಂಬ ಖೈದಿ ತಪ್ಪಿಸಿಕೊಳ್ಳುವ ಉಪಾಯ ಹೂಡಿದಾಗ ಮೆರ್ಲ್‌ನೂ ಜೊತೆಗೆ ಹೊರಟವನೇ; ಇವನಿಗೆ ಹಾಡಿನ ಭವಿಷ್ಯ ಇದೆ, ಇವನು ಬೇಡ ಎಂದು ತಡೆದವರು ಒಳಗಿನ ಗೆಳೆಯರು. ಖೈದಿಗಳು ತಯಾರಿಸಿದ ದೊಡ್ಡ ಮೇಜೊಂದರೊಳಗೆ ಅಡಗಿ ಕೆಂಡ್ರಿಕ್ ಹೊರಬಿದ್ದನೆಂದು ಹ್ಯಾಗರ್ಡ್ ನೆನೆಯುತ್ತಾರೆ. ಹೊರಗೆ ಅವನು ಪೊಲೀಸ್ ಅಧಿಕಾರಿಯೊಬ್ಬರನ್ನು ಗುಂಡಿಟ್ಟು ಕೊಂದ, ಹಿಡಿದು ತಂದರು, ಮರಣದಂಡನೆಯಾಯಿತು. ಆ ಮೇಜಿನೊಳಗೆ ಇನ್ನೊಬ್ಬನಿಗೂ ಜಾಗವಿತ್ತು.

ಕುಡಿದು ಸಿಕ್ಕಿಬಿದ್ದ ಮೆರ್ಲ್‌ನನ್ನು ಒಂದು ವಾರ ಏಕಾಂತ ಕೋಣೆಗೆ ಹಾಕಿದರು. ಮರಣದಂಡನೆಗೆ ಕಾಯುವವರ ಸಾಲು ಅದಕ್ಕೆ ಹತ್ತಿರದಲ್ಲೇ ಇತ್ತು. ಅಲ್ಲಿ ಅವನಿಗೆ ಕ್ಯಾರಿಲ್ ಚೆಸ್‌ಮನ್ ಜೊತೆ ಮಾತು ಬೆಳೆಯಿತು. ಕೊಲೆಯ ಅಪರಾಧವಿಲ್ಲದೆಯೂ ಮರಣದಂಡನೆಗೆ ಗುರಿಯಾಗಿ, ಹನ್ನೆರಡು ವರ್ಷ ಕಾನೂನಿನ ಹೋರಾಟ ನಡೆಸಿ, ಸೆರೆಯಿಂದಲೇ ಪುಸ್ತಕಗಳನ್ನು ಬರೆದು ದೇಶವಿದೇಶಗಳಲ್ಲಿ ಚರ್ಚೆಗೆ ಕಾರಣನಾಗಿದ್ದ ಆ ಮನುಷ್ಯನನ್ನು 1960ರ ಮೇ 2ರಂದು ಕೊಂದರು. ಏಕಾಂತದ ಕೋಣೆಯಲ್ಲಿ ಮೆರ್ಲ್‌ಗೆ ಯಾವ ಬೆಳಕೂ ಕಾಣಿಸಲಿಲ್ಲ, ಯಾವ ದೇವರೂ ಮಾತಾಡಲಿಲ್ಲ. ತಾನು ನಡೆಯುತ್ತಿರುವ ದಾರಿಯ ಕೊನೆಯ ಮನೆ ಯಾವುದು ಎಂಬುದು ಗೋಡೆಯಾಚೆಯೇ ಇತ್ತು, ಅಷ್ಟೆ. ಅಲ್ಲಿಂದ ಬಿಟ್ಟ ಮೇಲೆ ಅವನು ಆ ಸೆರೆಮನೆಯ ಅತ್ಯಂತ ಕಷ್ಟದ ಕೆಲಸವೆಂದು ಹೆಸರಾದ ಬಟ್ಟೆ ಗಿರಣಿಯ ಕೆಲಸವನ್ನು ತಾನಾಗಿಯೇ ಕೇಳಿ ಪಡೆದ.

ನಾನು ಹೇಳಿದ ಜಾಗ ಇದೇ. ಇಲ್ಲಿಂದ ಮುಂದೆ ‘ಅವರು’. ಮುಂದಿನ ಕೀರ್ತಿಗಾಗಿ ಅಲ್ಲ. ಯಾರೂ ಒತ್ತಾಯಿಸದೆ ಇಪ್ಪತ್ತೊಂದು ಇಪ್ಪತ್ತೆರಡರ ಒಬ್ಬ ಹುಡುಗ ತನ್ನ ಪಾಲಿನ ಭಾರವನ್ನು ತಾನೇ ಕೇಳಿ ಎತ್ತಿಕೊಂಡ ಗಳಿಗೆ ಅದು. ಅವರು ಗಿರಣಿಯಲ್ಲಿ ದುಡಿದರು, ಅರ್ಧಕ್ಕೆ ಬಿಟ್ಟ ಹೈಸ್ಕೂಲಿಗೆ ಸಮಾನವಾದ ಪರೀಕ್ಷೆ ಮುಗಿಸಿಕೊಂಡರು, ಸೆರೆಮನೆಯ ಸಂಗೀತ ತಂಡದಲ್ಲಿ ನುಡಿಸಿದರು. 1960ರ ನವೆಂಬರಿನಲ್ಲಿ, ಎರಡು ವರ್ಷ ಒಂಬತ್ತು ತಿಂಗಳ ಬಳಿಕ, ಹೊರಬಂದರು. ಹಗಲು ಅಣ್ಣ ಲೋವೆಲ್‌ನ ವಿದ್ಯುತ್ ಗುತ್ತಿಗೆ ಕೆಲಸದಲ್ಲಿ ಕಾಲುವೆ ತೋಡುವುದು, ರಾತ್ರಿ ಬೇಕರ್ಸ್‌ಫೀಲ್ಡಿನ ಕುಡಿತದ ಕ್ಲಬ್ಬುಗಳಲ್ಲಿ ಹಾಡುವುದು. ಎಣ್ಣೆ ಬಾವಿಯ ಮತ್ತು ಹೊಲದ ಕೂಲಿಗಳು ಕುಣಿಯಲು ಬರುತ್ತಿದ್ದ ಆ ಕ್ಲಬ್ಬುಗಳಲ್ಲೇ, ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್ಲಿನ ನಯವಾದ ವಾದ್ಯವೃಂದಕ್ಕೆ ಎದುರಾಗಿ, ಎಲೆಕ್ಟ್ರಿಕ್ ಗಿಟಾರಿನ ಚೂಪು ದನಿಯ ‘ಬೇಕರ್ಸ್‌ಫೀಲ್ಡ್ ಶೈಲಿ’ ರೂಪುಗೊಳ್ಳುತ್ತಿತ್ತು. ಆ ಶೈಲಿಯ ಬಗೆಗೆ ಮತ್ತೊಮ್ಮೆ ಮಾತಾಡಬಹುದು.

ಹಾಡುಗಳು ಜನಪ್ರಿಯವಾಗತೊಡಗಿದಂತೆ ಹ್ಯಾಗರ್ಡ್ ಅವರನ್ನು ಒಂದು ಭಯ ಹಿಡಿಯಿತು: ಹಳೆಯದು ಬಯಲಾದರೆ? ಅವರಿಗೆ 1967ರಲ್ಲಿ ಮೊದಲ ಅಗ್ರಸ್ಥಾನ ತಂದುಕೊಟ್ಟದ್ದು ತಲೆಮರೆಸಿಕೊಂಡು ಅಲೆಯುವವನೊಬ್ಬನ ಹಾಡು. ಅದನ್ನು ಬರೆದ ಲಿಜ್ ಮತ್ತು ಕೇಸಿ ಆಂಡರ್ಸನ್ ದಂಪತಿಗೆ ಇವರು ಸೆರೆವಾಸ ಕಂಡವರೆಂಬುದೇ ತಿಳಿದಿರಲಿಲ್ಲ. ಬೇರೆಯವರು ಕಲ್ಪಿಸಿ ಬರೆದದ್ದನ್ನು ಇವರು ಅನುಭವದಿಂದ ಹಾಡುತ್ತಿದ್ದರು, ಕೇಳುವವರಿಗೆ ಅದು ಗೊತ್ತಿರಲಿಲ್ಲ. ಅದೇ ವರ್ಷ ತಾವೇ ಬರೆದ ಎರಡು ಹಾಡುಗಳಲ್ಲಿ ಅವರು ಇನ್ನಷ್ಟು ಹತ್ತಿರಕ್ಕೆ ಬಂದರು. ಒಂದು, ಬಿಡುಗಡೆಯಾದರೂ ಕಳಂಕ ತೊಳೆಯದವನ ಕುರಿತದ್ದು. ಇನ್ನೊಂದು, ಮರಣದಂಡನೆಗೆ ನಡೆದುಹೋಗುವ ಖೈದಿ ತನ್ನ ಗೆಳೆಯನಿಂದ ಕೊನೆಯ ಹಾಡನ್ನು ಬೇಡುವುದು. ಎರಡನೆಯದರ ಹಿಂದೆ ಇದ್ದದ್ದು ‘ರ‍್ಯಾಬಿಟ್’ನ ನೆನಪು.

ಗುಟ್ಟನ್ನು ಬಿಡಿಸಿದವರು ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್. 1959ರ ಜನವರಿ 1ರಂದು ಕ್ಯಾಶ್ ಸ್ಯಾನ್ ಕ್ವೆಂಟಿನ್‌ನಲ್ಲಿ ಹಾಡಿದ್ದರು. ಹಿಂದಿನ ರಾತ್ರಿಯ ಮೋಜಿನಲ್ಲಿ ಅವರ ದನಿ ಪೂರ್ತಿ ಕಟ್ಟಿಹೋಗಿತ್ತೆಂದೂ, ದನಿಯಿಲ್ಲದೆಯೂ ಖೈದಿಗಳನ್ನು ಗೆದ್ದರೆಂದೂ ಹ್ಯಾಗರ್ಡ್ ಹೇಳುತ್ತಿದ್ದರು. ಹತ್ತು ವರ್ಷದ ಬಳಿಕ, ಹೆಸರಾಂತ ಗಾಯಕರಾಗಿ ಕ್ಯಾಶ್ ಅವರ ಟಿ.ವಿ. ಕಾರ್ಯಕ್ರಮಕ್ಕೆ ಹೋದಾಗ ಆ ಕಛೇರಿಯ ಮಾತು ಬಂತು. ನೀವು ಅಲ್ಲಿ ಹಾಡಿದ್ದು ನೆನಪಿಲ್ಲವಲ್ಲ ಎಂದರು ಕ್ಯಾಶ್. ಹಾಡಲಿಲ್ಲ, ಕೇಳುವವರ ಸಾಲಿನಲ್ಲಿದ್ದೆ ಎಂದರು ಹ್ಯಾಗರ್ಡ್. ಅದನ್ನು ಜನರ ಮುಂದೆ ನೀವೇ ಹೇಳಿಬಿಡಿ, ಆಮೇಲೆ ಯಾವ ಪತ್ರಿಕೆಯೂ ನಿಮ್ಮನ್ನು ಹೆದರಿಸಲಾರದು ಎಂಬುದು ಕ್ಯಾಶ್ ಕೊಟ್ಟ ಸಲಹೆ. ಹ್ಯಾಗರ್ಡ್ ಒಪ್ಪಿದರು, ಜನ ಅವರನ್ನು ಕೈಬಿಡಲಿಲ್ಲ. ಹಿಂದೆ ಬೈಗುಳವಾಗಿದ್ದ ‘ಓಕಿ’ ಎಂಬ ಪದವನ್ನು ಶೀರ್ಷಿಕೆಗೇ ಏರಿಸಿದ ಅವರ ಹಾಡು ಬಂದದ್ದೂ ಅದೇ 1969ರಲ್ಲಿ. ಅದರ ರಾಜಕೀಯದ ಗದ್ದಲ ಇಂದಿಗೂ ನಿಂತಿಲ್ಲ. 1972ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್, ಹ್ಯಾಗರ್ಡ್ ಅವರಿಗೆ ಪೂರ್ಣ ಕ್ಷಮಾದಾನ ನೀಡಿದರು.

ಈಗ ತಾಯಿಯ ಕಡೆಗೆ. 1969ರಲ್ಲೇ ಬಂದ ‘ಹಂಗ್ರಿ ಐಸ್’ ಹಾಡಿನಲ್ಲಿ ಕೂಲಿಗಳ ಶಿಬಿರವೊಂದರ ಕ್ಯಾನ್ವಾಸ್ ಹೊದಿಸಿದ ಗುಡಿಸಲಿದೆ, ಎಷ್ಟು ದುಡಿದರೂ ಬೇಕಾದದ್ದು ಸಿಗದ ತಾಯಿಯ ಕಣ್ಣುಗಳಿವೆ. ಹ್ಯಾಗರ್ಡ್ ಬೆಳೆದದ್ದು ಅಂಥ ಗುಡಿಸಲಿನಲ್ಲಲ್ಲ, ತಂದೆ ಕಟ್ಟಿದ ಗಟ್ಟಿ ಗೋಡೆಯ ಮನೆಯಲ್ಲಿ. ಇಲ್ಲಿಯೂ ಮೊದಲು ಹೇಳಿದಂಥದೇ ಒಂದು ಬದಲಾವಣೆ ಆಗಿದೆ ನೋಡಿ. ತನ್ನ ತಪ್ಪನ್ನು ಹಾಡುವಾಗ ಶಿಕ್ಷೆಯನ್ನು ಹಿಗ್ಗಿಸಿದವರು, ತಾಯಿಯನ್ನು ಹಾಡುವಾಗ ಆಕೆಯ ಕಷ್ಟವನ್ನು ಹಿಗ್ಗಿಸಿದರು. ಎರಡೂ ಬದಲಾವಣೆಗಳು ತೂಕ ಹಾಕುವುದು ಒಂದೇ ತಟ್ಟೆಗೆ. ಮಗನನ್ನು ಬಾಲಾಪರಾಧಿ ಕೇಂದ್ರಕ್ಕೆ ತಾನಾಗಿಯೇ ಒಪ್ಪಿಸಿದ ಆ ವಾರಾಂತ್ಯದ ಬಗ್ಗೆ ಫ್ಲಾಸಿಯ ಮನಸ್ಸಿನಲ್ಲಿ ಏನು ಉಳಿದಿತ್ತೋ, ‘ಮಾಮಾ ಟ್ರೈಡ್’ ಕೇಳಿದ ದಿನ ಅದಕ್ಕೊಂದು ಉತ್ತರ ಸಿಕ್ಕಿರಬೇಕು ಎಂದು ನನಗೆ ಅನ್ನಿಸುತ್ತದೆ. ಹಾಡಿನಲ್ಲಿ ತಂದೆಯ ಸಾವು ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ, ಅದೂ ತಾಯಿಗೆ ಹೊರೆ ಹೆಚ್ಚಿಸಿದ ಸಂಗತಿಯಾಗಿ ಮಾತ್ರ. ಒಂಬತ್ತರ ಹುಡುಗನಿಗೆ ಅದರಿಂದ ಏನಾಯಿತೆಂಬ ಮಾತೇ ಇಲ್ಲ. ಅದನ್ನು ಹೇಳಿದ್ದರೆ ನೆಪ ಹೇಳಿದಂತೆ ಆಗುತ್ತಿತ್ತು.

ತಂದೆಯ ಆ ಮನೆ 2015ರವರೆಗೂ ಆಯಿಲ್‌ಡೇಲ್‌ನಲ್ಲೇ ಇತ್ತು. ಆ ವರ್ಷದ ಬೇಸಿಗೆಯಲ್ಲಿ ಅದನ್ನು ಎತ್ತಿ ಬೇಕರ್ಸ್‌ಫೀಲ್ಡಿನ ಕರ್ನ್ ಕೌಂಟಿ ಮ್ಯೂಸಿಯಂಗೆ ಸಾಗಿಸಿದರು. ಹಳಿಯ ಮೇಲೆ ಓಡಲೆಂದು ಹುಟ್ಟಿದ ಡಬ್ಬಿ, ಸುಮಾರು ಎಂಬತ್ತು ವರ್ಷ ಒಂದೇ ಕಡೆ ನಿಂತು, ಕೊನೆಗೆ ರಸ್ತೆಯ ಮೇಲೆ ನದಿ ದಾಟಿತು. ಹ್ಯಾಗರ್ಡ್ ಅವರಿಗೆ ಆಗ 78. ಮರುವರ್ಷ ಏಪ್ರಿಲ್ 6ರಂದು, 79 ತುಂಬಿದ ದಿನವೇ, ಅವರು ತೀರಿಕೊಂಡರು. ಮ್ಯೂಸಿಯಂನ ಆವರಣದಲ್ಲಿ ಆ ಮನೆ ಈಗ ನೋಡುವವರಿಗೆ ತೆರೆದಿದೆ.